ಕಲ್ಯಾಣದ ಅರಸನ ಗಾಳ, ಅಂಬಿಗನ ಹೆಸರು

ಮಂಠಾಳದಿಂದ ಸಮುದ್ರ ಬಹಳ ದೂರ. ಬಸವಕಲ್ಯಾಣ ತಾಲ್ಲೂಕಿನ ಈ ಹೋಬಳಿಯ ಜನರಿಗೆ ದೊಡ್ಡ ನೀರೆಂದರೆ ಚುಳಕಿನಾಲಾ, ಕಾರಂಜಾ ಜಲಾಶಯಗಳು ಮತ್ತು ಮಾಂಜ್ರಾ ನದಿ. ಪಡುವಣ ಕಡಲು ನೂರಾರು ಕಿಲೋಮೀಟರ್ ಆಚೆಗಿದೆ. ಆದರೂ ಗಾಳ ಹಾಕಿ ಮೀನು ಹಿಡಿಯುವ ವಿದ್ಯೆಯನ್ನು ವಿವರಿಸುವ ಭಾರತದ ಪ್ರಾಚೀನ ಬರಹಗಳಲ್ಲಿ ಮುಖ್ಯವಾದುದೊಂದು ರಚನೆಯಾದದ್ದು ಇದೇ ಸೀಮೆಯ ಅರಮನೆಯಲ್ಲಿ. ಕಡಲ ಮೀನುಗಳಿಗೂ ಅದರಲ್ಲಿ ಜಾಗವಿದೆ.

ಆ ಗ್ರಂಥ ‘ಮಾನಸೋಲ್ಲಾಸ’. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಕ್ರಿ.ಶ. 1130ರ ಆಸುಪಾಸಿನಲ್ಲಿ ಇದನ್ನು ಸಂಸ್ಕೃತದಲ್ಲಿ ರಚಿಸಿದ. ಇವನಿಗೆ ಭೂಲೋಕಮಲ್ಲ, ಸರ್ವಜ್ಞ ಚಕ್ರವರ್ತಿ ಎಂಬ ಬಿರುದುಗಳಿದ್ದವು. ತಲಾ ಇಪ್ಪತ್ತು ಅಧ್ಯಾಯಗಳ ಐದು ಭಾಗಗಳಿರುವ ಈ ಗ್ರಂಥದಲ್ಲಿ ರಾಜನೀತಿ, ವೈದ್ಯ, ಅಡುಗೆ, ಸಂಗೀತ, ಚಿತ್ರಕಲೆ ಎಲ್ಲವೂ ಇವೆ. ಅರಸನ ಮನರಂಜನೆಗಳನ್ನು ಹೇಳುವ ಭಾಗದಲ್ಲಿ ‘ಮತ್ಸ್ಯವಿನೋದ’ವೂ ಒಂದು.

ವಿನೋದ ಎಂಬ ಮಾತನ್ನು ಗಮನಿಸಬೇಕು. ಇಂದು ಅಮೆರಿಕದ ತೀರದ ಆಳವಿಲ್ಲದ ನೀರಿನಲ್ಲಿ ಕಯಾಕ್ ಎಂಬ ಕಿರುದೋಣಿ ಏರಿ ‘ರೆಡ್ ಡ್ರಮ್’ ಮೀನಿಗೆ ಗಾಳ ಹಾಕುವವರು ಹಲವರು. ಅವರಲ್ಲಿ ಹೆಚ್ಚಿನವರಿಗೆ ಅದು ಹೊಟ್ಟೆಪಾಡಲ್ಲ, ಹವ್ಯಾಸ. ಇಂಗ್ಲೆಂಡಿನಲ್ಲಿ ಇಂಥ ಹವ್ಯಾಸ ಕುರಿತ ಹೆಸರಾಂತ ಕೈಪಿಡಿಯೊಂದು ಅಚ್ಚಾದದ್ದು 1496ರಲ್ಲಿ. ಕಲ್ಯಾಣದ ಅರಸ ಅದಕ್ಕಿಂತ ಮೂರೂವರೆ ಶತಮಾನ ಮೊದಲೇ ಈ ಆಟಕ್ಕೆ ಶಾಸ್ತ್ರ ಬರೆದಿದ್ದ.

ಸೋಮೇಶ್ವರ ಸುಮಾರು 35 ಬಗೆಯ ಮೀನುಗಳನ್ನು ಹೆಸರಿಸುತ್ತಾನೆ. ಕಡಲಿನವು ಯಾವುವು, ನದಿಯವು ಯಾವುವು, ಹುರುಪೆ ಇರುವುವು ಯಾವುವು, ಇಲ್ಲದವು ಯಾವುವು ಎಂದು ವಿಂಗಡಿಸುತ್ತಾನೆ. ಯಾವ ಮೀನಿಗೆ ಯಾವ ತಿನಿಸು, ಗಾಳದ ದಾರ, ಕೋಲು, ಕೊಕ್ಕೆ ಹೇಗಿರಬೇಕು ಎಂಬ ವಿವರಗಳೂ ಇವೆ. ಒಳನಾಡಿನ ದೊರೆಗೆ ಕಡಲ ಮೀನಿನ ಪರಿಚಯವಾದುದರಲ್ಲಿ ಅಚ್ಚರಿಯಿಲ್ಲ. ಗೋವೆಯ ಕದಂಬರು, ಕೊಂಕಣದ ಶಿಲಾಹಾರರಂಥ ಕರಾವಳಿಯ ಮನೆತನಗಳು ಚಾಲುಕ್ಯರ ಸಾಮಂತರಾಗಿದ್ದವು.

ಭಾರತದ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅಲ್ಲಿಯವರೆಗೆ ಸಂಸ್ಕೃತ ಪಂಡಿತರ ಸ್ವತ್ತಾಗಿದ್ದ ಮತ್ಸ್ಯವಿನೋದ ಹೀಗೆ ವಿಜ್ಞಾನಿಗಳ ಗಮನಕ್ಕೂ ಬಂತು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಯಾವ ಮೀನು ಏನು ತಿನ್ನುತ್ತದೆ, ಎಂಥ ದಾರ ಎಷ್ಟು ಭಾರ ತಾಳುತ್ತದೆ ಎಂಬ ತಿಳಿವಳಿಕೆ ಸಿಂಹಾಸನದ ಮೇಲೆ ಕುಳಿತವರಿಗೆ ತಾನಾಗಿ ಬರುವಂಥದ್ದಲ್ಲ. ಅದು ದಿನವೂ ನೀರಿಗಿಳಿಯುವವರು, ಅಪ್ಪನಿಂದ ಮಗ ಕಲಿತು ಉಳಿಸಿಕೊಂಡು ಬಂದ ವಿದ್ಯೆ. ಅರಸನ ಶ್ಲೋಕಗಳಿಗೆ ಸಾಮಗ್ರಿ ಒದಗಿದ್ದು ಬೆಸ್ತರ, ಅಂಬಿಗರ ಅನುಭವದಿಂದಲೇ ಎಂದು ಊಹಿಸಬಹುದು. ಆದರೆ ಗ್ರಂಥಕ್ಕೆ ಅಂಟಿದ ಹೆಸರು ಅರಸನದೊಂದೇ.

ಸೋಮೇಶ್ವರ ತೀರಿಕೊಂಡು ಒಂದು ತಲೆಮಾರು ಕಳೆಯುವಷ್ಟರಲ್ಲಿ ಅದೇ ಕಲ್ಯಾಣದಲ್ಲಿ ಬೇರೆಯೇ ದನಿ ಕೇಳಿಸಿತು. ಬಸವಣ್ಣನವರ ಕಾಲದ ಶರಣ ಸಮುದಾಯದಲ್ಲಿ ಅಂಬಿಗರ ಚೌಡಯ್ಯನವರೂ ಇದ್ದರು. ದೋಣಿ ನಡೆಸುವುದು ಅವರ ಕಾಯಕ. ದೋಣಿಯೂ ಹೊಳೆಯೂ ಅವರ ವಚನಗಳಲ್ಲಿ ಬದುಕನ್ನು ದಾಟಿಸುವ ಮಾತಾಗಿ ಬರುತ್ತವೆ. ಢಾಂಬಿಕರನ್ನು ಅವರು ಎಗ್ಗಿಲ್ಲದೆ ಬೈದದ್ದೂ ಪ್ರಸಿದ್ಧ. ಹಾವೇರಿ ಜಿಲ್ಲೆಯಲ್ಲಿ, ತುಂಗಭದ್ರೆಯ ದಡದ ಚೌಡಯ್ಯದಾನಪುರ ಇಂದಿಗೂ ಅವರ ಹೆಸರನ್ನು ಉಳಿಸಿಕೊಂಡಿದೆ.

ಹೆಚ್ಚಿನ ಶರಣರು ತಮ್ಮ ವಚನಗಳಿಗೆ ಇಷ್ಟದೈವದ ಹೆಸರನ್ನು ಅಂಕಿತವಾಗಿಟ್ಟುಕೊಂಡರು. ಬಸವಣ್ಣನವರಿಗೆ ಕೂಡಲಸಂಗಮದೇವ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ. ಚೌಡಯ್ಯನವರು ಇಟ್ಟುಕೊಂಡದ್ದು ತಮ್ಮದೇ ಹೆಸರನ್ನು, ಅದೂ ಕಸುಬಿನ ಸಮೇತ: ‘ಅಂಬಿಗರ ಚೌಡಯ್ಯ’. ಅರಸನ ಶಾಸ್ತ್ರದಲ್ಲಿ ಹೆಸರಿಲ್ಲದೆ ಉಳಿದ ಕುಲದವನೊಬ್ಬ ಹೀಗೆ ಪ್ರತಿ ವಚನದ ಕೊನೆಗೂ ರುಜು ಹಾಕಿದ.

ಮಾನಸೋಲ್ಲಾಸ ಇಂದು ಗ್ರಂಥಾಲಯಗಳಲ್ಲಿದೆ. ಚೌಡಯ್ಯನವರ ವಚನಗಳು ಜನರ ನಾಲಿಗೆಯ ಮೇಲಿವೆ. ಕಲ್ಯಾಣದ ಇತಿಹಾಸವನ್ನು ಅರಿಯಬೇಕೆನ್ನುವವರು ಎರಡನ್ನೂ ಒಟ್ಟಿಗಿಟ್ಟು ಓದಬೇಕು.