ಹೊಳೆಬಾಗಿಲಿನ ಊರು: ಅಘನಾಶಿನಿ

ನಮ್ಮ ಜಕ್ಕಲಿಗೆ ಸಮುದ್ರದ ಗಾಳಿಯೂ ತಾಕುವುದಿಲ್ಲ. ಎರೆಹೊಲ, ಬಿಳಿಜೋಳ, ಕಡಲೆ. ಮಳೆ ಬಂದರೆ ಬಂತು, ಇಲ್ಲದಿದ್ದರೆ ಮುಗಿಲು ನೋಡುತ್ತ ಕೂರುವುದು. ನಾಡಿನವರು ನಮ್ಮೂರನ್ನು ನೆನೆಯುವುದು ಏಕೀಕರಣ ಹೋರಾಟಗಾರ ಅಂದಾನಪ್ಪ ದೊಡ್ಡಮೇಟಿಯವರಿಂದ. 1953ರಲ್ಲಿ ಅವರು ತಮ್ಮ ಮನೆಯಲ್ಲಿ ತಾಯಿ ಭುವನೇಶ್ವರಿಯ ಚಿತ್ರ ಬರೆಸಿದರು. ಕರ್ನಾಟಕ ಆಗ ಇನ್ನೂ ಒಂದಾಗಿರಲಿಲ್ಲ. ಆಗ ಧಾರವಾಡ ಜಿಲ್ಲೆಯಲ್ಲಿದ್ದ ನಾವೂ ಕುಮಟೆಯ ಕಡಲಿನವರೂ ಒಟ್ಟಿಗೇ ಮುಂಬಯಿ ರಾಜ್ಯದಲ್ಲಿದ್ದೆವು. ಇದ್ದೂ ಪರಸ್ಪರ ಗುರುತಿರಲಿಲ್ಲ ಅನ್ನಿ.

ಗುರುತಾದದ್ದು 2024ರ ಜನವರಿ ಕೊನೆಗೆ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆ ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿದಾಗ, ಜೊತೆಗೇ ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯೂ ಸೇರಿದವು. ಮಾಗಡಿಯದು ಸುಮಾರು 54 ಹೆಕ್ಟೇರು, ಅಘನಾಶಿನಿಯದು 4,801. ಪಟ್ಟೆಬಾತುಗಳು ಬರುವ ನಮ್ಮ ಕೆರೆಯ ಮಗ್ಗುಲಲ್ಲಿ ಪಟ್ಟಿಯೊಳಗೆ ಕುಳಿತ ಈ ದೊಡ್ಡ ನೀರು ಯಾವುದು ಎಂದು ನೋಡಲು ಹೋದೆ.

ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಒಂದೂ ಅಣೆಕಟ್ಟು ಕಾಣದೆ ಕಡಲಿಗೆ ಬರುವ ಹೊಳೆ ಇದು. ಬಡಗ ದಡದಲ್ಲಿ ತದಡಿ ಬಂದರು, ತೆಂಕ ದಡದಲ್ಲಿ ಹೊಳೆಯ ಹೆಸರನ್ನೇ ಹೊತ್ತ ಅಘನಾಶಿನಿ ಊರು. ನಡುವೆ ತಾರಿ ದೋಣಿ. ಮೇಲ್ಗಡೆಗೆ ಹೋದರೆ ಮಿರ್ಜಾನ ಕೋಟೆ. ಮೆಣಸಿನ ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿ ಘಟ್ಟದ ಮೆಣಸು ಹಡಗು ಹತ್ತಿದ್ದು ಈ ನೀರಿನಿಂದಲೇ. ಗೋಕರ್ಣದ ಮಗ್ಗುಲ ಸಾಣಿಕಟ್ಟೆಯಲ್ಲಿ ಈಗಲೂ ಉಪ್ಪಿನ ಆಗರಗಳಿವೆ. ಕೋಟೆ, ಮೆಣಸುಗಳ ಚರಿತ್ರೆಯನ್ನು ಎಲ್ಲರೂ ಬರೆದಿದ್ದಾರೆ. ನನ್ನ ಕಣ್ಣು ನಿಂತದ್ದು ಕೆಸರಿನ ಮೇಲೆ.

ನೀರು ಇಳಿಯುವ ಹೊತ್ತಿಗೆ ಹೆಂಗಸರು ಸೀರೆ ಎತ್ತಿ ಕಟ್ಟಿ ಹೊಳೆಗೆ ಇಳಿಯುತ್ತಾರೆ. ಪಾತ್ರೆಯೊಂದು ಪಕ್ಕದಲ್ಲಿ ತೇಲುತ್ತಿರುತ್ತದೆ. ಕಣ್ಣಿಗೆ ಏನೂ ಕಾಣದ ಮರಳಿನಲ್ಲಿ ಕಾಲ್ಬೆರಳು ಹುಡುಕುತ್ತದೆ, ಕೈ ಎತ್ತುತ್ತದೆ. ಸಿಕ್ಕಿದ್ದು ಬೆಳಚು ಎಂಬ ಚಿಪ್ಪುಜೀವಿ, ಗೋವೆಯವರ ತಿಸ್ರೆ. ಒಬ್ಬಾಕೆ ಹಿಡಿಯಷ್ಟನ್ನು ಎತ್ತಿ, ಸಣ್ಣವನ್ನು ಆರಿಸಿ ಮತ್ತೆ ನೀರಿಗೆ ಬಿಟ್ಟಳು. ಯಾಕಕ್ಕಾ ಅಂದೆ. “ಮುಂದಿನ ವರ್ಷಕ್ಕೆ ಅದೇ ಅಲ್ದಾ ತಮ್ಮಾ,” ಅಂದಳು. ಬಿತ್ತನೆಗೆ ಹಗೇವಿನ ಜೋಳ ಎತ್ತಿಡುತ್ತಿದ್ದ ನನ್ನ ಅಜ್ಜಿಯ ಮಾತೂ ಹೆಚ್ಚುಕಡಿಮೆ ಇದೇ.

ಈ ಕೆಸರಿನ ಲೆಕ್ಕವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಹಾಕಿದರು: ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿಗಳು, ಬೆಲೆ 5.78 ಕೋಟಿ ರೂಪಾಯಿ, ನೇರವಾಗಿ ದುಡಿಯುವವರು 2,300ಕ್ಕೂ ಹೆಚ್ಚು. ಬಂಡವಾಳ ಎಂಬುದು ಒಂದು ಪಾತ್ರೆ, ಹೆಚ್ಚೆಂದರೆ ಒಂದು ದೋಣಿ. 2006ರ ಸುಮಾರಿಗೆ ತದಡಿಯಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ತರಲು ಹೊರಟಾಗ ಇಲ್ಲಿಯ ಮೀನುಗಾರರೂ ರೈತರೂ ಎದ್ದು ನಿಂತದ್ದು ಯಾಕೆಂದು ಈ ಲೆಕ್ಕ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಸ್ಥಾವರ ಬರಲಿಲ್ಲ.

ಹೊಳೆಯ ಅಂಚಿಗೆ ಗಜನಿ ಭೂಮಿ. ನಾವು ಹೊಲಕ್ಕೆ ಒಡ್ಡು ಹಾಕುವುದು ನೀರು ಒಳಗೆ ನಿಲ್ಲಲಿ ಎಂದು. ಇವರು ಹಾಕುವುದು ಉಪ್ಪುನೀರು ಹೊರಗೆ ನಿಲ್ಲಲಿ ಎಂದು. ಮಳೆಗಾಲದಲ್ಲಿ ಸಿಹಿನೀರು ತುಂಬಿದಾಗ ಕಗ್ಗ ಭತ್ತ ಬಿತ್ತುತ್ತಾರೆ. ಉಪ್ಪು ತಡೆಯುವ, ದಿನಗಟ್ಟಲೆ ಮುಳುಗಿದರೂ ಏಳುವ ಭತ್ತ ಅದು, ಗೊಬ್ಬರ ಕೇಳುವುದಿಲ್ಲ. ತೆನೆಯಷ್ಟೇ ಕೊಯ್ದು ಹುಲ್ಲನ್ನು ಅಲ್ಲೇ ಬಿಡುತ್ತಾರೆ. ಆಮೇಲೆ ಒಡ್ಡಿನ ಹಲಗೆ ಬಾಗಿಲು ತೆಗೆದರೆ ಭರತದ (ಉಬ್ಬರದ) ಜೊತೆ ಸಿಗಡಿ, ಮೀನಿನ ಮರಿಗಳು ಒಳಗೆ ಬಂದು, ಕೊಳೆತ ಕಗ್ಗದ ಕೂಳೆಯಲ್ಲೇ ಮೇಯ್ದು ಬೆಳೆಯುತ್ತವೆ. ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕಿ, ಬಂದ ಹಣವನ್ನು ಗಜನಿಯ ಒಕ್ಕಲುಗಳು ಹಂಚಿಕೊಳ್ಳುವುದು ವಾಡಿಕೆ.

ಒಂದು ಗಜನಿಗೆ ಹತ್ತಾರು ಮನೆಯವರು ಒಡೆಯರು, ಒಡ್ಡು ಮಾತ್ರ ಒಂದೇ. ಎಲ್ಲಿ ಏಡಿ ತೂತು ಮಾಡಿದರೂ ಉಪ್ಪು ಎಲ್ಲರ ಗದ್ದೆಗೂ ಬಂತು. ಹಾಗಾಗಿ ಮಣ್ಣಿನ ಒಡ್ಡನ್ನು ವರ್ಷವರ್ಷ ಕೂಡಿಯೇ ಕಟ್ಟಬೇಕಿತ್ತು. 1970ರ ದಶಕದಲ್ಲಿ ಸರ್ಕಾರ ಗಟ್ಟಿ ಒಡ್ಡು ಕಟ್ಟಿಸಿತು. ಒಳ್ಳೆಯದಕ್ಕೇ ಮಾಡಿದ್ದು, ಆದರೆ ಕೂಡಿ ಕಟ್ಟುವ ರೂಢಿ ಅಲ್ಲಿಂದ ಸಡಿಲಾಯಿತು ಎಂಬುದು ನನ್ನ ಎಣಿಕೆ. ಒಡ್ಡಿಗೆ ಅಡ್ಡ ಬಂದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳೂ ಹೋದವು. 1990ರ ದಶಕದಲ್ಲಿ ಸಿಗಡಿ ಕೃಷಿಯ ಹುರುಪು ಬಂದು, ಗುತ್ತಿಗೆದಾರರು ಉಪ್ಪುನೀರನ್ನು ಮಳೆಗಾಲದಲ್ಲೂ ಒಳಗೇ ನಿಲ್ಲಿಸಿದರು. ಬಿಳಿಚುಕ್ಕೆ ರೋಗ ಸಿಗಡಿಯನ್ನು ಮುಗಿಸಿತು, ಕಗ್ಗ ಅದಕ್ಕೂ ಮೊದಲೇ ಹಲವು ಗಜನಿಗಳಿಂದ ಎದ್ದು ಹೋಗಿತ್ತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ಅಂಚಿನ ವಾಣಿಜ್ಯ ಸಿಗಡಿ ಹೊಂಡಗಳಿಗೆ ಅಂಕುಶ ಹಾಕಿತು.

ಮಾಣಿಕಟ್ಟೆಯ ಕಡೆ ಕಗ್ಗವನ್ನು ಬಿಡದೆ ಹಿಡಿದವರಿದ್ದಾರೆ. ಹೊಳೆದಂಡೆಗೆ ಅರಣ್ಯ ಇಲಾಖೆಯೂ ಊರವರೂ ಕಾಂಡ್ಲಾ ನೆಟ್ಟಿದ್ದಾರೆ. ಅದು ಅಲೆಯ ಪೆಟ್ಟನ್ನು ಒಡ್ಡಿಗಿಂತ ಮೊದಲು ತಾನು ತಿನ್ನುತ್ತದೆ, ಬೇರಿನ ಸಂದಿಯಲ್ಲಿ ಮೀನಿನ ಮರಿ ಸಾಕುತ್ತದೆ. ಇಷ್ಟಾದರೂ ಮರಳು ತೆಗೆಯುವುದು, ಸುಣ್ಣಕ್ಕೆ ಚಿಪ್ಪು ಬಗೆಯುವುದು ಹೊಳೆಯ ತಳವನ್ನೇ ಕದಡುವ ಕೆಲಸಗಳು. ಬೆಳಚು ಕೂರುವುದು ಆ ತಳದಲ್ಲೇ. ರಾಮ್ಸರ್ ಫಲಕ ನೆಟ್ಟ ಮಾತ್ರಕ್ಕೆ ಆ ಕೆಲಸಗಳು ನಿಲ್ಲುವುದಿಲ್ಲ. ನೀರಿಗಿಳಿಯುವವರನ್ನು ಕೇಳಿ ನಿಯಮ ಮಾಡಬೇಕು.

ನಮ್ಮ ಕಡೆಯಿಂದ ಗೋಕರ್ಣಕ್ಕೆ ಹೋಗುವವರು ಬಹಳ. ದರ್ಶನ ಮುಗಿಸಿ ತದಡಿಗೆ ಹೋಗಿ, ತಾರಿ ಹತ್ತಿ ಅಘನಾಶಿನಿಗೆ ದಾಟಿ. ಆದರೆ ನೀರು ಇಳಿಯುವ ಹೊತ್ತು ಕೇಳಿಕೊಂಡು ಹೋಗಿ. ಭರತದ ಹೊತ್ತಿಗೆ ಹೋದರೆ ಬರೀ ನೀರು ಕಾಣುತ್ತದೆ.