ಹರಕೆಯಾಟದ ಹಾಡು: ಹಂಚುವ ಹಕ್ಕು ಯಾರದು?

ಯಕ್ಷಗಾನ ಮೇಳಗಳು ತಿರುಗಾಟದ ಕೊನೆಯ ದಿನವಾದ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ತನಕ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಬಯಲುಗಳಲ್ಲಿ ಹರಕೆಯಾಟ ನಡೆಯುತ್ತದೆ. ಬೆಳಗಾಗುವಷ್ಟರಲ್ಲಿ ಭಾಗವತರ ಹಾಡು ವಾಟ್ಸ್ಯಾಪಿನಲ್ಲಿ ಊರೂರು ಸುತ್ತಿರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಮಿನಂತೆ ಸ್ವಂತ ಬಳಕೆಗೆ ಮುದ್ರಿಸಿಕೊಳ್ಳುವುದು ತಪ್ಪಲ್ಲ. ಕಲಾವಿದರ ಒಪ್ಪಿಗೆಯಿಲ್ಲದೆ ಅದನ್ನೇ ಸಾರ್ವಜನಿಕವಾಗಿ ಹಂಚುವುದು ತಪ್ಪು. ಮೊಬೈಲು ಕೈಯಲ್ಲಿರುವ ಸಭಿಕರಿಗೆ ಈ ಗೆರೆ ಕಾಣುವುದೇ ಇಲ್ಲ.

ಯಕ್ಷಗಾನದಲ್ಲಿ ಹಕ್ಕು ಒಂದೇ ಕಡೆ ನಿಂತಿಲ್ಲ. ಹಳೆಯ ಕವಿ ಪಾರ್ತಿಸುಬ್ಬನ ಪದ್ಯಗಳು ಎಲ್ಲರ ಸೊತ್ತು. ಮೂಡುಬಿದಿರೆ ಬಳಿಯ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು 2023ರಲ್ಲಿ ತೀರಿಕೊಂಡರು. ಅವರು ರಚಿಸಿದ ಪ್ರಸಂಗಗಳಿಗೆ 2083ರ ಕೊನೆಯವರೆಗೂ ಕೃತಿಸ್ವಾಮ್ಯವಿದೆ. ಪದ್ಯ ಯಾರದ್ದೇ ಇರಲಿ, ರಂಗದಲ್ಲಿ ಹಾಡಿದವರಿಗೆ 1994ರ ತಿದ್ದುಪಡಿ ಪ್ರತ್ಯೇಕ ಹಕ್ಕು ಕೊಟ್ಟಿತು. ಅದರ ಅವಧಿ ಈಗ 50 ವರ್ಷ. ಹಾಡಿದವರ ಹೆಸರು ಹೇಳಬೇಕೆಂಬ ಹಕ್ಕು 2012ರಲ್ಲಿ ಸೇರಿತು. ಹೆಸರು ಕತ್ತರಿಸಿದ ತುಣುಕುಗಳು ಮುರಿಯುವುದು ಇದನ್ನೇ. ನನ್ನ ದೃಷ್ಟಿಯಲ್ಲಿ ದೊಡ್ಡ ಅನ್ಯಾಯ ಇದು.

ಆದರೆ ನಕಲಿನಿಂದಲೇ ಉಳಿದದ್ದೂ ಉಂಟು. ಮೂಡುಬಿದಿರೆಯ ಸಿದ್ಧಾಂತ ಬಸದಿಯ ಧವಲ, ಜಯಧವಲ ಎಂಬ ಜೈನ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ದರ್ಶನದ ವಸ್ತುಗಳಾಗಿದ್ದವು, ಓದಲು ಸಿಗುತ್ತಿರಲಿಲ್ಲ. 19ನೇ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಶುರುವಾಯಿತು. ಬಸದಿಯ ಪ್ರತಿ ಬರೆಯುತ್ತಿದ್ದ ಗಜಪತಿ ಶಾಸ್ತ್ರಿಗಳು ಪತ್ನಿಯ ನೆರವಿನಿಂದ ಗುಟ್ಟಾಗಿ ಇನ್ನೊಂದನ್ನೂ ಬರೆದರು. ಅದು ಸಹಾರನ್‌ಪುರ ಸೇರಿತು, ಅಲ್ಲಿಂದ ಮತ್ತೆ ಪ್ರತಿಗಳು ಹುಟ್ಟಿದವು. 1939ರಲ್ಲಿ ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಧವಲದ ಮೊದಲ ಸಂಪುಟ ಅಚ್ಚಾಯಿತು. ಅನುಮತಿಯಿಲ್ಲದ ಆ ಒಂದು ಪ್ರತಿ ವಿದ್ವತ್ತಿಗೆ ಬಾಗಿಲು ತೆರೆಯಿತು.

ಈ ಹೋಲಿಕೆಗೆ ಮಿತಿಯಿದೆ. ಧವಲ ಬರೆದ ವೀರಸೇನಾಚಾರ್ಯರಿಗೆ ಆ ನಕಲಿನಿಂದ ಅನ್ನ ತಪ್ಪಲಿಲ್ಲ; ಭಾಗವತರಿಗೆ ಕಂಠವೇ ಅನ್ನ. ಹಾಗೆಂದು ಹಂಚಿಕೆಯನ್ನೆಲ್ಲ ಅಪರಾಧವೆನ್ನಲೂ ಆಗದು. ಧರ್ಮಸ್ಥಳ ಮೇಳದ ಹರಕೆಯಾಟಕ್ಕೆ ಟಿಕೇಟಿಲ್ಲ, ಖರ್ಚು ಸೇವಾಕರ್ತರದು. ಅಲ್ಲಿಯ ಹಾಡನ್ನು ಬಂಧುಬಳಗಕ್ಕೆ ಕಳುಹಿಸಿದರೆ ಮೇಳದ ಗಲ್ಲಾಪೆಟ್ಟಿಗೆ ಬರಿದಾಗುವುದಿಲ್ಲ. ಅದೇ ಹಾಡಿನ ಮೇಲೆ ಜಾಹೀರಾತು ಹಾಕಿ ಗಳಿಸುವ ಚಾನೆಲ್ಲಿನ ಲೆಕ್ಕ ಬೇರೆ. ಅದರಲ್ಲಿ ಹಿಮ್ಮೇಳಕ್ಕೂ ಪಾಲು ಸಲ್ಲಬೇಕು.

ಆದ್ದರಿಂದ 39ನೇ ಕಲಮಿಗೆ ಒಂದು ತಿದ್ದುಪಡಿ ಬೇಕು: ಭಾಗವತರ, ಚೆಂಡೆ ಮದ್ದಳೆಯವರ ಹೆಸರಿನೊಂದಿಗೆ, ಲಾಭವಿಲ್ಲದೆ ಮಾಡುವ ಹಂಚಿಕೆ ಅಪರಾಧವಲ್ಲ ಎಂದು. ಅಲ್ಲಿಯವರೆಗೆ, ಹಾಡು ಕಳುಹಿಸುವವರು ಹಾಡಿದವರ ಹೆಸರನ್ನೂ ಬರೆದು ಕಳುಹಿಸಲಿ.