ಸ್ಮಶಾನದ ಬಾಗಿಲಲ್ಲಿ ಒಂದು ಮನೆ

ಕುದುರೆಮುಖ, ಕಳಸ, ಮೂಡಿಗೆರೆ ಕಡೆ ಆಷಾಢದ ಮಳೆಯಲ್ಲಿ ಸಾವಾದರೆ ಒಣ ಸೌದೆಯದೇ ದೊಡ್ಡ ಚಿಂತೆ. ತೋಟವಿದ್ದವರು ತಮ್ಮ ಜಮೀನಿನ ಅಂಚಿನಲ್ಲೇ ಸಂಸ್ಕಾರ ಮುಗಿಸುವುದುಂಟು. ಎಸ್ಟೇಟಿನ ಲೈನ್ ಮನೆಗಳಲ್ಲಿರುವ ಕಾರ್ಮಿಕರಿಗೆ ಸ್ವಂತದ್ದೆಂಬ ಗೇಣು ನೆಲವಿಲ್ಲ. ಅವರಿಗೆ ಸಾರ್ವಜನಿಕ ಸ್ಮಶಾನವೇ ಗತಿ. ಅಲ್ಲೊಬ್ಬ ಕಾಯುವವನು, ಅವನಿಗೊಂದು ಮನೆ ಇದ್ದರೆ ಎಷ್ಟೋ ಪರದಾಟ ತಪ್ಪುತ್ತದೆ.

ಇಂಗ್ಲೆಂಡಿನ ಲಾಡ್ಜ್

ಇಂಥ ಮನೆ ಕಟ್ಟುವುದನ್ನು ರೂಢಿ ಮಾಡಿದ್ದು ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡ್. ಚರ್ಚಿನ ಅಂಗಳಗಳು ತುಂಬಿ ತುಳುಕಿದಾಗ 1852ರಿಂದ ಸರಣಿ ಕಾನೂನುಗಳು ಬಂದವು. ಊರ ಹೊರಗೆ ಹೊಸ ಸ್ಮಶಾನಗಳು ಎದ್ದವು. ಗೇಟಿನ ಪಕ್ಕದ ಲಾಡ್ಜಿನಲ್ಲಿ ಮೇಲ್ವಿಚಾರಕನ ಸಂಸಾರ. ಸಮಾಧಿಗಳ ನಕ್ಷೆ, ಹೆಸರಿನ ಪುಸ್ತಕ ಅವನ ಸುಪರ್ದಿಯಲ್ಲಿ. ಈಗ ಆ ಲಾಡ್ಜ್‌ಗಳಲ್ಲಿ ಹಲವು ಖಾಸಗಿ ಮನೆಗಳಾಗಿವೆ, ಕೆಲವು ಕಚೇರಿ, ಕೆಫೆಗಳಾಗಿವೆ.

ನಮ್ಮಲ್ಲಿ ಕಾಯುವವರು

ರಾಘವಾಂಕನ ಕಾವ್ಯದಿಂದ ಊರೂರಿನ ನಾಟಕಗಳವರೆಗೆ, ವೀರಬಾಹುವಿನ ಆಳಾಗಿ ಸ್ಮಶಾನ ಕಾಯ್ದ ಹರಿಶ್ಚಂದ್ರನಿಗೆ ಕೈಮುಗಿಯದ ಕನ್ನಡಿಗರಿಲ್ಲ. ಬೆಂಗಳೂರಿನಲ್ಲಿ ಹರಿಶ್ಚಂದ್ರ ಘಾಟ್ ಎಂಬ ಸ್ಮಶಾನವೇ ಇದೆ. ಆದರೆ ನಿಜವಾಗಿ ಕಾಯುವವರಿಗೆ ಆ ಗೌರವದ ಪಾಲು ಸಿಗಲಿಲ್ಲ. ಹಳ್ಳಿಗಳಲ್ಲಿ ಸಾವಿನ ಸುದ್ದಿ ಮುಟ್ಟಿಸುವುದು, ಕುಣಿ ತೋಡುವುದು ದಲಿತರ ಹೆಗಲಿಗೆ ಬಿದ್ದ ಬಿಟ್ಟಿ ಚಾಕರಿಯಾಗಿತ್ತು. ಬೆಂಗಳೂರಿನ ಕಲ್ಪಳ್ಳಿಯಂಥ ಹಳೆಯ ಸ್ಮಶಾನಗಳಲ್ಲಿ ಈ ಕೆಲಸದ ಕುಟುಂಬಗಳು ಸಮಾಧಿಗಳ ನಡುವೆಯೇ ಬಾಳುವೆ ಮಾಡಿವೆ. ಕೋವಿಡ್ ಕಾಲದಲ್ಲಿ ಹಗಲೂ ರಾತ್ರಿ ದುಡಿದ ಮೇಲೆ ಇವರ ಕಡೆ ಸರ್ಕಾರದ ಕಣ್ಣು ಬಿತ್ತು. 2022ರ ನವೆಂಬರಿನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಇವರನ್ನು ‘ಸತ್ಯ ಹರಿಶ್ಚಂದ್ರ ಬಳಗ’ ಎಂದು ಕರೆದು, ಕೆಲಸ ಕಾಯಂ ಮಾಡುವ ಮಾತು ಕೊಟ್ಟರು.

ಒಂದು ಪುಸ್ತಕದ ಬೆಲೆ

ಕಾಯುವವನೆಂದರೆ ಬರೀ ಬೀಗದ ಕೈ ಇಟ್ಟುಕೊಂಡವನಲ್ಲ. ಜನನ ಮರಣ ನೋಂದಣಿ ಕಾಯ್ದೆ, 1969ರ ಪ್ರಕಾರ ಸ್ಮಶಾನದ ಪಾಲಕ ಅಥವಾ ಮಾಲೀಕ ಸಾವಿನ ಸುದ್ದಿಯನ್ನು ನೋಂದಣಾಧಿಕಾರಿಗೆ ತಿಳಿಸಬೇಕು. ಸತ್ತವರ ಹೆಸರು, ವಯಸ್ಸು, ಊರು, ತಾರೀಖು ಬರೆದಿಟ್ಟ ಒಂದು ಪುಸ್ತಕವಿದ್ದರೆ ಮುಂದೆ ಮರಣ ಪತ್ರಕ್ಕೆ, ಪೌತಿ ಖಾತೆಗೆ, ವಿಮೆಯ ಹಣಕ್ಕೆ ಅಲೆದಾಟ ಕಡಿಮೆ. ಕುದುರೆಮುಖದಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು, ನೌಕರರ ಕುಟುಂಬಗಳು ದಿಕ್ಕುದಿಕ್ಕಿಗೆ ಹೊರಟುಹೋದವು. ಹೀಗೆ ಚದುರಿದವರ ಮಕ್ಕಳು ಎಂದಾದರೂ ಹಿರಿಯರ ಸಮಾಧಿ ಹುಡುಕಿ ಬಂದರೆ, ಜಾಗ ತೋರಿಸಲು ಅಂಥ ಪುಸ್ತಕ ಬೇಕು.

ಮಲೆನಾಡಿಗೆ ಏನು ಬೇಕು

ಊರೂರಿಗೆ ಸ್ಮಶಾನದ ಜಾಗ ಒದಗಿಸಬೇಕೆಂದು ರಾಜ್ಯ ಹೈಕೋರ್ಟ್ 2019ರಲ್ಲಿ ಆದೇಶಿಸಿ ಆರು ವಾರ ಗಡುವು ಕೊಟ್ಟಿತ್ತು. ಜಾಗ ಸಿಕ್ಕ ಕಡೆ ತಗಡಿನ ಸೂರು ಬರುತ್ತದೆ. ಕರಾವಳಿ, ಮಲೆನಾಡಿನಲ್ಲಿ ಸೌದೆ ಉಳಿಸುವ ಸಿಲಿಕಾನ್ ಚೇಂಬರ್‌ಗಳೂ ಬಂದಿವೆ. ಮನೆ ಮಾತ್ರ ಯೋಜನೆಯಲ್ಲಿ ಕಾಣುವುದೇ ಅಪರೂಪ. ದೊಡ್ಡದೇನೂ ಬೇಡ: ಎರಡು ಕೋಣೆ, ಕರೆಂಟು, ಸ್ನಾನಕ್ಕೆ ಬಿಸಿನೀರು, ಹಾರೆ ಗುದ್ದಲಿ ಇಡಲು ಮೂಲೆ, ಮಳೆಗಾಲಕ್ಕೆ ಸೌದೆ ಒಟ್ಟಲು ಜಗಲಿ. ಪಂಚಾಯಿತಿಯವರು ಮುಂದಿನ ಸಲ ಸ್ಮಶಾನಕ್ಕೆ ಕಾಂಪೌಂಡ್ ಹಾಕಿಸುವಾಗ ಈ ಮನೆಯನ್ನೂ ಅಂದಾಜು ಪಟ್ಟಿಗೆ ಸೇರಿಸಲಿ. ಅಲ್ಲಿರುವವರಿಗೆ ತಿಂಗಳ ಸಂಬಳ ಕೊಡಲಿ.